ತಾನೇ ಫೋಕಸ್ ಬದಲಿಸುವ ಕನ್ನಡಕ: ಚಾಳೀಸು ಬಂದವರು ಅದಕ್ಕಾಗಿ ಕಾಯಬೇಕಾ?

ವೈರ್‌ಮನ್ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ ಈಗ 51. ಮನೆ, ಅಂಗಡಿಗಳಿಗೆ ವೈರಿಂಗ್ ಮಾಡುವುದು ನನ್ನ ಕೆಲಸ. ದೂರದ್ದು ಚೆನ್ನಾಗಿ ಕಾಣುತ್ತದೆ. ಹತ್ತಿರದ್ದಕ್ಕೆ ಐದಾರು ವರ್ಷದಿಂದ ಚಾಳೀಸು.

ಮೊದಲು ರೆಡಿಮೇಡ್ ಕನ್ನಡಕ ಇಟ್ಟುಕೊಂಡಿದ್ದೆ. ಜೇಬಿನಿಂದ ತೆಗಿ, ಹಾಕು, ಮತ್ತೆ ತೆಗಿ. ಎರಡೂ ಕೈಯಲ್ಲಿ ತಂತಿ ಇರುವಾಗ ಅದು ಆಗದ ಮಾತು. ಹೋದ ವರ್ಷ ಒಂದು ಅಂಗಡಿಯಲ್ಲಿ ಹದಿನಾಲ್ಕು ಸಾವಿರ ಕೊಟ್ಟು ಪ್ರೋಗ್ರೆಸ್ಸಿವ್ ಮಾಡಿಸಿದೆ, ಅಂದರೆ ದೂರದ್ದು ಹತ್ತಿರದ್ದು ಎರಡೂ ಒಂದೇ ಗಾಜಿನಲ್ಲಿ. ಪೇಪರ್ ಓದೋದಕ್ಕೆ, ಮೊಬೈಲ್ ನೋಡೋದಕ್ಕೆ ಬಹಳ ಚೆನ್ನಾಗಿದೆ. ಆದರೆ ನನ್ನ ಕೆಲಸ ಎಲ್ಲ ತಲೆಯ ಮೇಲೆ. ಡಿಬಿ ಬಾಕ್ಸ್ (ಮನೆಗೆ ಕರೆಂಟ್ ಹಂಚುವ ಪೆಟ್ಟಿಗೆ), ಫಾಲ್ಸ್ ಸೀಲಿಂಗ್, ಫ್ಯಾನ್ ಹುಕ್. ಓದುವ ಪವರ್ ಗಾಜಿನ ಕೆಳಗಿದೆ. ಡಿಬಿ ಒಳಗಿನ ಎಂಸಿಬಿ ಸ್ವಿಚ್ ನನ್ನ ಹಣೆಗಿಂತ ಮೇಲಿದೆ. ಅದು ಸ್ಪಷ್ಟವಾಗಿ ಕಾಣಬೇಕಾದರೆ ಕತ್ತು ಪೂರ್ತಿ ಹಿಂದಕ್ಕೆ ಹಾಕಬೇಕು.

ಕಳೆದ ತಿಂಗಳು ಹಾಗೇ ಕತ್ತು ಎತ್ತಿಕೊಂಡು ನ್ಯೂಟ್ರಲ್ ಲಿಂಕಿನ ಸ್ಕ್ರೂ ಬಿಗಿ ಮಾಡುತ್ತಿದ್ದೆ. ಹತ್ತು ನಿಮಿಷ ಆಗಿರಬೇಕು. ತಲೆ ಸುತ್ತಿದ ಹಾಗಾಯಿತು. ಇಳಿಯೋಣ ಅಂತ ಕೆಳಗೆ ನೋಡಿದರೆ ಏಣಿಯ ಮೆಟ್ಟಿಲುಗಳು ಮಸುಕು. ಇದೇ ಕೊನೆಯ ಮೆಟ್ಟಿಲು ಅಂದುಕೊಂಡು ಕಾಲು ಬಿಟ್ಟೆ. ಇನ್ನೂ ಎರಡು ಇದ್ದವು. ಜೊತೆಗಿದ್ದ ಹುಡುಗ ಸೊಂಟ ಹಿಡಿದುಕೊಂಡ, ಬಚಾವಾದೆ.

ಅವತ್ತು ರಾತ್ರಿ ಮಗಳು ಒಂದು ವಿಡಿಯೋ ತೋರಿಸಿದಳು. ನಾವು ಎಲ್ಲಿ ನೋಡುತ್ತೇವೋ ಅಲ್ಲಿಗೆ ತಾನೇ ಫೋಕಸ್ ಬದಲಿಸಿಕೊಳ್ಳುವ ಕನ್ನಡಕ ಬರುತ್ತಿದೆಯಂತೆ. ಗಾಜು ಪೂರ್ತಿ ಒಂದೇ ಪವರ್ ಆಗುತ್ತದೆ, ಮೇಲೆ ಕೆಳಗೆ ಅಂತ ಇಲ್ಲ. ನಿಜವಾ ಇದು? ಎಲ್ಲಿಯವರೆಗೆ ಬಂದಿದೆ? ನನ್ನಂಥವರು ಕಾಯಬಹುದಾ?

ಕನ್ನಡಕದಂಗಡಿ ಶಿವಮೊಗ್ಗ

ಅಣ್ಣಾ, ಮೊದಲು ಒಂದು ಮಾತು. ನೀವು ಏಣಿಯಿಂದ ಜಾರಿದ್ದು ನಿಮ್ಮ ತಪ್ಪಲ್ಲ. ನಿಮ್ಮ ಕೆಲಸ ಏನು, ಎಷ್ಟು ದೂರದಲ್ಲಿ, ಯಾವ ಎತ್ತರದಲ್ಲಿ ಅಂತ ಯಾರೂ ಕೇಳದೆ ಗಾಜು ಮಾಡಿದ್ದಾರೆ. ನಾನು ಆಪ್ಟೋಮೆಟ್ರಿ ಓದಿ 16 ವರ್ಷದಿಂದ ಕಣ್ಣು ಪರೀಕ್ಷೆ ಮಾಡುತ್ತಿದ್ದೇನೆ. ನಮ್ಮಲ್ಲಿ ಆಗಾಗ ಆಗುವ ಎಡವಟ್ಟು ಇದೇ.

ಚಾಳೀಸು ಯಾಕೆ ಬರುತ್ತದೆ ಅಂತ ಹೇಳಿಬಿಡುತ್ತೇನೆ. ಕಣ್ಣಿನ ಒಳಗಿನ ಮಸೂರ ಚಿಕ್ಕಂದಿನಲ್ಲಿ ಮೆತ್ತಗಿರುತ್ತದೆ. ಅದರ ಸುತ್ತ ಸಣ್ಣ ಸ್ನಾಯು ಇದೆ. ಹತ್ತಿರ ನೋಡುವಾಗ ಆ ಸ್ನಾಯು ಬಿಗಿಯಾಗುತ್ತದೆ, ಮಸೂರವನ್ನು ಎಳೆದು ಹಿಡಿದ ಎಳೆಗಳು ಸಡಿಲವಾಗುತ್ತವೆ, ಮಸೂರ ಉಬ್ಬುತ್ತದೆ. ಹತ್ತು ವರ್ಷದ ಮಗು ಮೂಗಿನ ಹತ್ತಿರ, ಏಳೆಂಟು ಸೆಂಟಿಮೀಟರಿನಲ್ಲಿ ಅಕ್ಷರ ಹಿಡಿದರೂ ಓದುತ್ತದೆ. ಅಂದರೆ 14 ಡಯಾಪ್ಟರ್‌ನಷ್ಟು ಶಕ್ತಿ (ಡಯಾಪ್ಟರ್ ಅಂದರೆ ಮಸೂರದ ಪವರ್ ಅಳೆಯುವ ಮಾನ). ವಯಸ್ಸಾದ ಹಾಗೆ ಮಸೂರ ಗಟ್ಟಿಯಾಗುತ್ತಾ ಬರುತ್ತದೆ. ನಲವತ್ತರ ಹೊತ್ತಿಗೆ ನಾಲ್ಕೈದು ಉಳಿದಿರುತ್ತದೆ, ಅರವತ್ತಕ್ಕೆ ಒಂದರ ಆಸುಪಾಸು. ಕಣ್ಣಿನ ವ್ಯಾಯಾಮ ಮಾಡಿದರೆ, ಕ್ಯಾರೆಟ್ ತಿಂದರೆ ಗಟ್ಟಿಯಾದ ಮಸೂರ ಮೆತ್ತಗಾಗುವುದಿಲ್ಲ. ಹಾಗೆ ಹೇಳುವವರಿಗೆ ದುಡ್ಡು ಕೊಡಬೇಡಿ.

ಇನ್ನು ಪ್ರೋಗ್ರೆಸ್ಸಿವ್ ವಿಷಯ. ಅದರಲ್ಲಿ ಮೇಲೆ ದೂರ, ನಡುವೆ ಕಂಪ್ಯೂಟರ್ ದೂರ, ಕೆಳಗೆ ಓದು. ಮೇಲಿನಿಂದ ಕೆಳಕ್ಕೆ ಪವರ್ ಬದಲಾಯಿಸುತ್ತಾ ಹೋದರೆ ಗಾಜಿನ ಎರಡೂ ಪಕ್ಕದಲ್ಲಿ ಮಸುಕು ಹುಟ್ಟಿಕೊಳ್ಳುತ್ತದೆ. ಎಷ್ಟು ದುಬಾರಿ ಗಾಜು ತಂದರೂ ಅದನ್ನು ಪೂರ್ತಿ ತೆಗೆಯಲಾಗದು, ಅಲ್ಲಿ ಇಲ್ಲಿ ಸರಿಸಬಹುದು ಅಷ್ಟೇ. ಅದಕ್ಕೇ ಹೊಸದಾಗಿ ಹಾಕಿದವರಿಗೆ ನೆಲ ತೇಲಿದ ಹಾಗೆ ಅನಿಸುವುದು.

ನಿಮಗೊಂದು ಕೆಲಸ ಕೊಡುತ್ತೇನೆ. ನಾಳೆ ಕೆಲಸದಲ್ಲಿ ನಿಮ್ಮ ಹುಡುಗನ ಕೈಗೆ ಟೇಪ್ ಕೊಡಿ. ನಿಮ್ಮ ಕಣ್ಣಿನಿಂದ ಡಿಬಿವರೆಗೆ ಎಷ್ಟು ಸೆಂಟಿಮೀಟರ್, ಸೀಲಿಂಗ್ ಕೆಲಸಕ್ಕೆ ಎಷ್ಟು, ಎರಡನ್ನೂ ಅಳೆದು ಇಲ್ಲಿ ಬರೆಯಿರಿ. ಆಮೇಲೆ ಮಾತಾಡೋಣ.

ನಿವೃತ್ತ ಮೇಷ್ಟ್ರು

ಭೌತಶಾಸ್ತ್ರ ಹೇಳಿಕೊಡುತ್ತಿದ್ದವನು ನಾನು. ಈ ಕನ್ನಡಕದ ಕನಸು ಇವತ್ತಿನದಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1780ರ ದಶಕದಲ್ಲೇ ದೂರದ ಗಾಜು, ಹತ್ತಿರದ ಗಾಜು ಎರಡನ್ನೂ ಅರ್ಧರ್ಧ ಕತ್ತರಿಸಿ ಒಂದೇ ಫ್ರೇಮಿನಲ್ಲಿ ಕೂರಿಸಿಕೊಂಡಿದ್ದರು. ಬೈಫೋಕಲ್ ಅಂದರೆ ಅದೇ. 1959ರಲ್ಲಿ ಫ್ರಾನ್ಸಿನ ಬರ್ನಾರ್ ಮೆತೆನಾ ಅವರು ವ್ಯಾರಿಲಕ್ಸ್ ತಂದರು. ನಡುವಿನ ಗೆರೆ ಹೋಯಿತು, ಪ್ರೋಗ್ರೆಸ್ಸಿವ್ ಬಂತು. ಆದರೆ ಎರಡರಲ್ಲೂ ಗಾಜು ಸುಮ್ನೆ ಇರುತ್ತದೆ, ಕಣ್ಣು ಮತ್ತು ಕತ್ತು ಓಡಾಡಬೇಕು.

ಗಾಜೇ ಬದಲಾಗಬೇಕು ಅಂತ ಹೊರಟವರಲ್ಲಿ ನನಗೆ ಬಹಳ ಇಷ್ಟವಾದವರು ಇಬ್ಬರು. ಒಬ್ಬರು ಲೂಯಿಸ್ ಆಲ್ವಾರೆಜ್. 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಅದರ ಹಿಂದಿನ ವರ್ಷ ಅವರಿಗೆ ಒಂದು ಪೇಟೆಂಟ್ ಸಿಕ್ಕಿತ್ತು. ಅಲೆಯಂತೆ ತಿದ್ದಿದ ಎರಡು ತೆಳು ಗಾಜು. ಒಂದರ ಮೇಲೊಂದು ಇಟ್ಟು ಪಕ್ಕಕ್ಕೆ ಸ್ವಲ್ಪ ಜಾರಿಸಿದರೆ ಪವರ್ ಬದಲಾಗುತ್ತದೆ. ಬ್ಯಾಟರಿ ಬೇಡ, ದ್ರವ ಬೇಡ. ತರಗತಿಯಲ್ಲಿ ಇದನ್ನು ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತಿತ್ತು.

ಇನ್ನೊಬ್ಬರು ಆಕ್ಸ್‌ಫರ್ಡಿನ ಜೋಶುವಾ ಸಿಲ್ವರ್. ಎರಡು ತೆಳು ಪೊರೆಗಳ ನಡುವೆ ಸಿಲಿಕೋನ್ ಎಣ್ಣೆ. ಕನ್ನಡಕದ ಎರಡೂ ಕಡ್ಡಿಗೆ ಒಂದೊಂದು ಸಿರಿಂಜ್. ಹಾಕಿಕೊಂಡವರು ತಾವೇ ತಿರುಗಿಸಿ ಎಣ್ಣೆ ಹೆಚ್ಚು ಕಮ್ಮಿ ಮಾಡುತ್ತಾರೆ, ಅಕ್ಷರ ಸ್ಪಷ್ಟ ಕಂಡ ಕೂಡಲೇ ಬಂದ್ ಮಾಡಿ ಸಿರಿಂಜ್ ತೆಗೆದುಬಿಡುತ್ತಾರೆ. ಕಣ್ಣಿನ ಡಾಕ್ಟರು ಇಲ್ಲದ ಊರಿನ ಬಡವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ ಕನ್ನಡಕ ಅದು.

ಅಮೆರಿಕದ ಸೂಪರ್‌ಫೋಕಸ್ ಎಂಬ ಕನ್ನಡಕವೂ ದ್ರವದ್ದೇ. ಮೂಗಿನ ಮೇಲೆ ಕೂರುವ ಜಾಗದಲ್ಲಿ ಸಣ್ಣ ಜಾರುಗುಂಡಿ ಇತ್ತು. ಬೆರಳಲ್ಲಿ ಸರಿಸಿದರೆ ಗಾಜು ಪೂರ್ತಿ ಓದುವ ಪವರಿಗೆ ಬರುತ್ತಿತ್ತು. ವೈರ್‌ಮನ್ ಅವರಿಗೆ ಬೇಕಾಗಿದ್ದೇ ಅದು. ಆದರೆ ಆ ಕಂಪನಿ ಈಗ ಇಲ್ಲ. 2011ರಲ್ಲಿ ಅಲ್ಲಿಯೇ ಎಂಪವರ್ ಅಂತ ಲಿಕ್ವಿಡ್ ಕ್ರಿಸ್ಟಲ್ (ಕರೆಂಟ್ ಕೊಟ್ಟರೆ ಬೆಳಕು ಬಗ್ಗಿಸುವ ರೀತಿ ಬದಲಾಗುವ ಪದಾರ್ಥ) ಕನ್ನಡಕ ಬಂತು. ಕಡ್ಡಿ ಸವರಿದರೆ ಓದುವ ಭಾಗ ಆನ್ ಆಗುತ್ತಿತ್ತು. ಅದನ್ನು ಮಾಡಿದ ಪಿಕ್ಸೆಲ್‌ಆಪ್ಟಿಕ್ಸ್ ಎರಡು ವರ್ಷದಲ್ಲಿ ದಿವಾಳಿಯಾಯಿತು. 2018ರಲ್ಲಿ ಜಪಾನಿನ ಮಿತ್ಸುಯಿ ಕೆಮಿಕಲ್ಸ್ ಅದೇ ದಾರಿಯಲ್ಲಿ ಟಚ್‌ಫೋಕಸ್ ತಂದಿತು. ಇಷ್ಟು ಸಲ ಬಿದ್ದು ಎದ್ದಿರುವ ಕನಸು ಇದು. ನನಗೆ ಈಗ 71. ನೋಡಿಯೇ ಹೋಗುತ್ತೇನೆ ಅಂತ ಇದೆ.

ಚಿಪ್‌ಕೆಲಸ ಬೆಂಗಳೂರು

ಮೇಷ್ಟ್ರೇ, ಅಷ್ಟೂ ಕನ್ನಡಕಗಳಲ್ಲಿ ಕೈಯಲ್ಲಿ ಏನಾದರೂ ಮಾಡಬೇಕು. ಸರಿಸು, ಸವರು, ತಿರುಗಿಸು. ನಿಜವಾದ ಆಟೋಫೋಕಸ್ ಅಂದರೆ ಅದೂ ಬೇಡ. ಅದಕ್ಕೆ ಎರಡು ಕೆಲಸ ಆಗಬೇಕು. ಒಂದು, ಎಷ್ಟು ದೂರ ನೋಡುತ್ತಿದ್ದೀರಿ ಅಂತ ತಿಳಿಯಬೇಕು. ಎರಡು, ಕಣ್ಣು ರೆಪ್ಪೆ ಹೊಡೆಯುವುದರೊಳಗೆ ಗಾಜಿನ ಪವರ್ ಬದಲಾಗಬೇಕು.

ಎರಡನೆಯದು ಸುಮಾರಾಗಿ ಸಿಕ್ಕಿದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಕಾರ್ಲೋಸ್ ಮಾಸ್ಟ್ರಾಂಜೆಲೊ ಅವರ ತಂಡ 2017ರಲ್ಲಿ ಒಂದು ಮಾದರಿ ತೋರಿಸಿತು. ಪೊರೆಗಳ ನಡುವೆ ಗ್ಲಿಸರಿನ್. ಹಿಂದಿನ ಪೊರೆಯನ್ನು ಸಣ್ಣ ಸಾಧನಗಳು ಹಿಂದೆ ಮುಂದೆ ಸರಿಸುತ್ತವೆ. ಮೂಗಿನ ಮೇಲಿನ ಭಾಗದಲ್ಲಿ ಇನ್‌ಫ್ರಾರೆಡ್ ಬೆಳಕಿನಿಂದ ದೂರ ಅಳೆಯುವ ಮೀಟರ್. 14 ಮಿಲಿಸೆಕೆಂಡಿನಲ್ಲಿ ಫೋಕಸ್ ಬದಲಾಗುತ್ತಿತ್ತು. ಆದರೆ ಫ್ರೇಮ್ ದಪ್ಪ, ಭಾರ. ದಿನವಿಡೀ ಹಾಕುವಂಥದ್ದಲ್ಲ.

ಕಷ್ಟ ಇರುವುದು ಮೊದಲನೆಯದರಲ್ಲಿ. ಹಣೆಯ ನಡುವೆ ಕೂತ ಮೀಟರಿಗೆ ಮುಖ ಯಾವ ಕಡೆ ಇದೆ ಅಂತ ಗೊತ್ತು, ಕಣ್ಣು ಯಾವ ಕಡೆ ಇದೆ ಅಂತ ಗೊತ್ತಿಲ್ಲ. ನಮ್ಮ ಮನೆಯ ಕಿಟಕಿಗೆ ಸೊಳ್ಳೆ ಜಾಲರಿ ಇದೆ. ಅದರ ಹಿಂದೆ ನಿಂತು ಬೀದಿ ನೋಡಿದರೆ ಆ ಮೀಟರ್ ಜಾಲರಿಯ ದೂರ ಹೇಳಬಹುದು. ನನಗೆ ಬೇಕಾದದ್ದು ಬೀದಿಯಲ್ಲಿ ಬರುವ ಶಾಲೆ ವ್ಯಾನ್.

ಕಣ್ಣನ್ನೇ ಕೇಳುವುದು ಇನ್ನೊಂದು ದಾರಿ. ಒಂದು ಪೆನ್ನು ತೋಳಿನಷ್ಟು ದೂರ ಹಿಡಿದು ಮೆಲ್ಲಗೆ ಮೂಗಿನ ಹತ್ತಿರ ತನ್ನಿ. ಎದುರಿಗಿದ್ದವರು ನಿಮ್ಮ ಕಣ್ಣು ನೋಡಲಿ. ಎರಡೂ ಪಾಪೆ ಒಳಕ್ಕೆ ತಿರುಗುತ್ತವೆ. ಆರು ಮೀಟರ್ ದೂರದ ಗೋಡೆ ನೋಡುವಾಗ ಎರಡೂ ಕಣ್ಣಿನ ನೋಟದ ನಡುವಿನ ಕೋನ ಅರ್ಧ ಡಿಗ್ರಿ ಚಿಲ್ಲರೆ. ಒಂದು ಮೀಟರಿಗೆ ಮೂರೂವರೆ. 40 ಸೆಂಟಿಮೀಟರ್ ದೂರದ ಪುಸ್ತಕಕ್ಕೆ ಸುಮಾರು 9 ಡಿಗ್ರಿ. ಮಸೂರ ಗಟ್ಟಿಯಾದ ಮೇಲೂ ಈ ತಿರುಗುವಿಕೆ ಹೋಗುವುದಿಲ್ಲ. ಅರವತ್ತು ವರ್ಷದವರ ಕಣ್ಣೂ ಪುಸ್ತಕ ಕಂಡರೆ ಒಳಕ್ಕೆ ತಿರುಗುತ್ತದೆ. ಮಸೂರ ಮಾತ್ರ ಜೊತೆಗೆ ಬರುವುದಿಲ್ಲ. ಆ ತಿರುಗುವಿಕೆಯನ್ನು ಅಳೆದು, ಮಸೂರ ಮಾಡಬೇಕಿದ್ದ ಕೆಲಸವನ್ನು ಗಾಜಿನ ಕೈಲಿ ಮಾಡಿಸಿದರೆ ಆಯಿತು. ನನಗೆ ಇಡೀ ವಿಷಯದಲ್ಲಿ ಚಂದ ಅನಿಸುವುದು ಈ ಜಾಗ.

2019ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಾರ್ಡನ್ ವೆಟ್‌ಸ್ಟೈನ್ ಅವರ ಲ್ಯಾಬಿನವರು ಎರಡನ್ನೂ ಸೇರಿಸಿದರು. ಕಣ್ಣಿನ ಚಲನೆ ನೋಡುವ ಕ್ಯಾಮೆರಾ, ಮುಂದಿನ ದೂರ ಅಳೆಯುವ ಕ್ಯಾಮೆರಾ, ಸ್ವಿಸ್ ಕಂಪನಿಯೊಂದರ ದ್ರವ ಲೆನ್ಸ್. ಹೆಸರು ಆಟೋಫೋಕಲ್ಸ್. ಚಾಳೀಸು ಇರುವ 56 ಮಂದಿಯ ಮೇಲೆ ಪರೀಕ್ಷೆ ಮಾಡಿದರು. ಪ್ರೋಗ್ರೆಸ್ಸಿವ್‌ಗಿಂತ ಸ್ಪಷ್ಟ, ಬೇಗ ಅಂದವರೇ ಜಾಸ್ತಿ. ನೋಡೋದಕ್ಕೆ ಮಾತ್ರ ಮುಖಕ್ಕೆ ಯಂತ್ರ ಕಟ್ಟಿದ ಹಾಗಿತ್ತು.

ವೈರ್‌ಮನ್ ಅಣ್ಣಾ, ನಿಮ್ಮ ಮಗಳು ತೋರಿಸಿದ್ದು ಬಹುಶಃ ಫಿನ್‌ಲ್ಯಾಂಡಿನ ಇಕ್ಸಿ ಕಂಪನಿಯದ್ದು. 2025ರ ಏಪ್ರಿಲ್‌ನಲ್ಲಿ 3.65 ಕೋಟಿ ಡಾಲರ್ ಬಂಡವಾಳದ ಸುದ್ದಿಯೊಂದಿಗೆ ಹೊರಗೆ ಬಂದರು. ಗಾಜಿನಲ್ಲಿ ಲಿಕ್ವಿಡ್ ಕ್ರಿಸ್ಟಲ್. ಕಣ್ಣು ಗಮನಿಸಲು ಕ್ಯಾಮೆರಾ ಬದಲು ಸಣ್ಣ ಎಲ್‌ಇಡಿ ಮತ್ತು ಬೆಳಕು ಹಿಡಿಯುವ ಸೆನ್ಸರ್. ಅದರಿಂದ ಬ್ಯಾಟರಿ ಬಹಳ ಕಮ್ಮಿ ಸಾಕು. ತೂಕ ಸುಮಾರು 22 ಗ್ರಾಂ ಅಂತ ಕಂಪನಿಯೇ ಹೇಳಿದೆ. ಅಂದರೆ ಮಾಮೂಲಿ ಕನ್ನಡಕದಷ್ಟೇ. ಇದು ನಿಜವಾಗಿ ದಿನಾ ಹಾಕುವ ಹಾಗೆ ಬಂದರೆ ದೊಡ್ಡ ವಿಷಯ.

ಒಸಾಕಾ ಕನ್ನಡಿಗ

ನಾನು ಇಲ್ಲಿ ಜಪಾನಿನಲ್ಲಿ 11 ವರ್ಷದಿಂದ ಇದ್ದೇನೆ. ವಯಸ್ಸು 48. ಇಲ್ಲಿ ವಿಕ್ಷನ್ 01 ಅಂತ ಒಂದು ಆಟೋಫೋಕಸ್ ಕನ್ನಡಕ 2023ರಲ್ಲೇ ಬಂದಿದೆ. ಹೋಯಾ ಎಂಬ ದೊಡ್ಡ ಗಾಜಿನ ಕಂಪನಿಯಿಂದ ಹೊರಬಂದವರು ಮಾಡಿದ್ದು. ಆಗ ಬೆಲೆ 99,000 ಯೆನ್ ಇತ್ತು. ನನ್ನ ಸಹೋದ್ಯೋಗಿ ಒಬ್ಬರು ಪ್ಲಾಸ್ಟಿಕ್ ಹಡಗಿನ ಮಾದರಿ ಮಾಡುವ ಹವ್ಯಾಸದವರು. ಅವರದ್ದನ್ನು ಒಂದು ಸಂಜೆ ಹಾಕಿ ನೋಡಿದೆ.

ಮೊದಲ ಸಲ ಹಾಕಿದಾಗ ವಿಚಿತ್ರ ಅನಿಸಿತು. ಎರಡು ಸಣ್ಣ ದುಂಡು ಕಿಂಡಿಯಿಂದ ನೋಡಿದ ಹಾಗೆ. ಫೋಕಸ್ ಬದಲಾಗುವ ಲೆನ್ಸ್ ಆರು ಮಿಲಿಮೀಟರ್ ಕೂಡ ಇಲ್ಲ. ಸುತ್ತ ಇರುವುದನ್ನು ನಮ್ಮ ಕಣ್ಣೇ ನೋಡಿಕೊಳ್ಳಬೇಕು. ಆದರೆ ಕೈಯಲ್ಲಿ ಹಡಗಿನ ಲಂಗರು ಹಿಡಿದು ಹತ್ತಿರ ತಂದೆ ನೋಡಿ. 30 ಸೆಂಟಿಮೀಟರ್, 20, 15. ಅದರ ಮೇಲಿನ ಸರಪಳಿಯ ಒಂದೊಂದು ಕೊಂಡಿಯೂ ಎಣಿಸುವ ಹಾಗೆ ಕಂಡಿತು. ಅಷ್ಟು ಹತ್ತಿರದಿಂದ ಏನನ್ನಾದರೂ ಸ್ಪಷ್ಟವಾಗಿ ನೋಡಿ ಎಷ್ಟು ವರ್ಷವಾಗಿತ್ತೋ. ನನ್ನ ಬೆರಳಿನ ಗೆರೆಗಳನ್ನೇ ಐದು ನಿಮಿಷ ನೋಡುತ್ತಾ ಕೂತೆ.

ಇದು ಕೂತು ಮಾಡುವ ಕೆಲಸಕ್ಕೆ. ನಡೆಯುವಾಗ, ಗಾಡಿ ಓಡಿಸುವಾಗ ಹಾಕುವಂಥದ್ದಲ್ಲ. ಏಣಿ ಮೇಲಂತೂ ಖಂಡಿತ ಬೇಡ ಅಣ್ಣಾ.

ಚಿಪ್‌ಕೆಲಸ ಬೆಂಗಳೂರು

ಲೆನ್ಸ್ ಅಷ್ಟು ಸಣ್ಣದಿರುವುದಕ್ಕೆ ಕಾರಣ ಇದೆ. ದ್ರವದ ಲೆನ್ಸ್ ದೊಡ್ಡದಾದ ಹಾಗೆ ದ್ರವ ಜಾಸ್ತಿ ಬೇಕು, ಭಾರ ಜಾಸ್ತಿ, ಕೆಳಗಡೆಗೆ ಜೋತುಬೀಳುತ್ತದೆ. ಪೊರೆ ಸಮವಾಗಿ ಉಬ್ಬಬೇಕಾದರೆ ದುಂಡಗಿದ್ದರೆ ಒಳ್ಳೆಯದು. ಮೇಷ್ಟ್ರು ಹೇಳಿದ ಸೂಪರ್‌ಫೋಕಸ್ ಅದಕ್ಕೇ ದುಂಡಗಿತ್ತು. ಲಿಕ್ವಿಡ್ ಕ್ರಿಸ್ಟಲ್‌ಗೆ ಬೇರೆ ಕಷ್ಟ. ದೊಡ್ಡ ಗಾಜಿನಲ್ಲಿ ಜಾಸ್ತಿ ಪವರ್ ಬೇಕಾದರೆ ಪದರ ದಪ್ಪ ಆಗಬೇಕು, ದಪ್ಪ ಆದರೆ ನಿಧಾನ ಆಗುತ್ತದೆ. ಅದಕ್ಕೆ ಸಣ್ಣ ಸಣ್ಣ ಉಂಗುರಗಳಾಗಿ ಭಾಗ ಮಾಡುತ್ತಾರೆ. ಆಗ ರಾತ್ರಿ ಹೆಡ್‌ಲೈಟ್ ಸುತ್ತ ಬೆಳಕು ಹರಡುವ ಸಾಧ್ಯತೆ. ಯಾವ ಕಂಪನಿಯ ಕನ್ನಡಕ ಬಂದರೂ ಕೊಳ್ಳುವ ಮುಂಚೆ ಕತ್ತಲಾದ ಮೇಲೆ ರಸ್ತೆ ಬದಿ ನಿಂತು ನೋಡಿ.

ಇನ್ನೂ ಒಂದು. ಮೆಳ್ಳೆಗಣ್ಣು ಇದ್ದವರಿಗೆ, ಒಂದೇ ಕಣ್ಣಿನ ದೃಷ್ಟಿ ಇರುವವರಿಗೆ ಎರಡು ಕಣ್ಣಿನ ಕೋನ ಅಳೆಯುವ ಉಪಾಯ ನಡೆಯುವುದಿಲ್ಲ. ಅವರಿಗೆ ದೂರ ಅಳೆಯುವ ಮೀಟರೇ ಬೇಕು. ಇದನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ.

ಮಂಡ್ಯದ ಮಗಳು

ಏಣಿಯ ಮಾತು ಓದಿ ಕೈ ನಡುಗಿತು. ನಮ್ಮ ಅಪ್ಪನಿಗೆ 74. ಎರಡು ವರ್ಷದ ಹಿಂದೆ ಬೈಫೋಕಲ್ ಹಾಕಿಕೊಂಡು ದೇವಸ್ಥಾನದ ಮೆಟ್ಟಿಲು ಇಳಿಯುವಾಗ ಬಿದ್ದರು. ಸೊಂಟದ ಮೂಳೆ ಮುರಿಯಿತು. ನಾವು ವಯಸ್ಸಾಯಿತು, ಕಾಲು ನಿಲ್ಲಲಿಲ್ಲ ಅಂದುಕೊಂಡೆವು. ಅವರು ಆಸ್ಪತ್ರೆಯಲ್ಲಿ ಮಲಗಿ ಹೇಳಿದ್ದು ಒಂದೇ ಮಾತು: "ಮೆಟ್ಟಿಲು ಎರಡಾಗಿ ಕಂಡ್ತು ಮಗಾ." ನಾನು ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಇವತ್ತು ಇದನ್ನೆಲ್ಲ ಓದಿದ ಮೇಲೆ ಅರ್ಥವಾಯಿತು. ಅವರಿಗೆ ಕಣ್ಣಿನ ಪೊರೆ ಆಪರೇಷನ್ ಕೂಡ ಆಗಿದೆ. ಅಂಥವರಿಗೆ ಈ ಹೊಸ ಕನ್ನಡಕ ಆಗುತ್ತದಾ?

ಕನ್ನಡಕದಂಗಡಿ ಶಿವಮೊಗ್ಗ

ಅಮ್ಮಾ, ನಿಮ್ಮ ತಂದೆ ಸರಿಯಾಗಿಯೇ ಹೇಳಿದ್ದಾರೆ. ಮೆಟ್ಟಿಲು ಇರುವುದು ಕಣ್ಣಿನಿಂದ ಒಂದೂವರೆ ಎರಡು ಮೀಟರ್ ದೂರ. ಕೆಳಗೆ ನೋಡಿದರೆ ನೋಟ ಹೋಗುವುದು 40 ಸೆಂಟಿಮೀಟರಿಗೆ ಮಾಡಿದ ಗಾಜಿನಿಂದ. ಬೈಫೋಕಲ್‌ನಲ್ಲಿ ಗೆರೆಯ ಹತ್ತಿರ ಚಿತ್ರ ಜಿಗಿಯುತ್ತದೆ ಕೂಡ.

ಆಸ್ಟ್ರೇಲಿಯಾದಲ್ಲಿ ಇದರ ಬಗ್ಗೆ 606 ಹಿರಿಯರ ಮೇಲೆ ಒಂದು ಅಧ್ಯಯನ ಆಯಿತು, 2010ರಲ್ಲಿ ಪ್ರಕಟವಾಯಿತು. ಹೊರಗೆ ಓಡಾಡುವಾಗ ಬರೀ ದೂರದ ಕನ್ನಡಕ ಹಾಕಿ ಅಂತ ಅರ್ಧ ಜನಕ್ಕೆ ಕೊಟ್ಟರು. ದಿನಾ ಹೊರಗೆ ಓಡಾಡುವ ಗಟ್ಟಿಮುಟ್ಟಾದವರಲ್ಲಿ ಬೀಳುವುದು ಸುಮಾರು 40% ಕಮ್ಮಿಯಾಯಿತು. ಆದರೆ ಹೆಚ್ಚಾಗಿ ಮನೆಯಲ್ಲೇ ಇರುವವರು ಹೊರಗೆ ಬೀಳುವುದು ಜಾಸ್ತಿಯೇ ಆಯಿತು. ಹಾಗಾಗಿ ಎಲ್ಲರಿಗೂ ಒಂದೇ ಮಾತು ಹೇಳಲಾಗದು. ನಿಮ್ಮ ತಂದೆಯವರು ಎಷ್ಟು ಓಡಾಡುತ್ತಾರೆ ನೋಡಿ, ನಿಮ್ಮ ಕಣ್ಣಿನ ಡಾಕ್ಟರ ಹತ್ತಿರ ಇದನ್ನು ಎತ್ತಿ ಮಾತಾಡಿ.

ಪೊರೆ ಆಪರೇಷನ್ ಆದವರಿಗೆ ಹಾಕುವ ಮಾಮೂಲಿ ಲೆನ್ಸ್ ಒಂದೇ ದೂರಕ್ಕೆ ನಿಂತಿರುತ್ತದೆ, ಸ್ವಲ್ಪವೂ ಉಬ್ಬುವುದಿಲ್ಲ. ಆದ್ದರಿಂದ ಆಟೋಫೋಕಸ್ ಕನ್ನಡಕ ಅವರಿಗೂ ಅಷ್ಟೇ ಉಪಯೋಗ. ಕೆಳಗೆ ನೋಡಿದರೂ ಗಾಜು "ಇದು ಮೆಟ್ಟಿಲು, ಪುಸ್ತಕ ಅಲ್ಲ" ಅಂತ ತಿಳಿದುಕೊಂಡರೆ ಎಷ್ಟು ಸೊಂಟ ಉಳಿಯುತ್ತವೋ.

ಸೂಜಿದಾರ ಹಾಸನ

ನಾನು ಬ್ಲೌಸ್ ಹೊಲಿಯುತ್ತೇನೆ. ವಯಸ್ಸು 46. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಬೇಕಾದಾಗ ಕಣ್ಣಲ್ಲಿ ನೀರು ಬರುತ್ತದೆ. ಹುಕ್ ಹೊಲಿಯುವುದು, ಕುಚ್ಚು ಕಟ್ಟುವುದು ಈಗ ಮಧ್ಯಾಹ್ನದ ಬೆಳಕಿನಲ್ಲಿ ಮಾತ್ರ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆ ಹುಡುಗಿಯನ್ನು ಕರೆಯುತ್ತೇನೆ. ಬೆಳಗ್ಗೆಯೇ ಹತ್ತು ಸೂಜಿಗೆ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಶಾಲೆಗೆ ಹೋಗುತ್ತಾಳೆ.

99,000 ಯೆನ್ ಅಂದರೆ ನಮ್ಮ ಎಷ್ಟು ಸಾವಿರ ಅಂತ ಲೆಕ್ಕ ಹಾಕಲೂ ಮನಸ್ಸಾಗಲಿಲ್ಲ. ಕಣ್ಣಿಗೆ ಹನಿ ಹಾಕಿದರೆ ಕನ್ನಡಕವೇ ಬೇಡ ಅಂತ ಟಿವಿಯಲ್ಲಿ ಬಂದಿತ್ತಲ್ಲ, ಅದು ಏನಾಯಿತು?

ಕನ್ನಡಕದಂಗಡಿ ಶಿವಮೊಗ್ಗ

ಅಕ್ಕಾ, ಅದು ಪೈಲೋಕಾರ್ಪಿನ್ ಎಂಬ ಹಳೆಯ ಔಷಧಿ. ಗ್ಲಾಕೋಮಾ ಅಂದರೆ ಕಣ್ಣಿನ ಒತ್ತಡದ ಕಾಯಿಲೆಗೆ ಬಹಳ ಹಿಂದಿನಿಂದ ಬಳಸುತ್ತಿದ್ದರು. ಪಾಪೆ ಸಣ್ಣದಾಗುತ್ತದೆ, ಸಣ್ಣ ತೂತಿನಿಂದ ನೋಡಿದ ಹಾಗೆ ಕೆಲವು ಗಂಟೆ ಹತ್ತಿರದ್ದು ಸ್ಪಷ್ಟವಾಗುತ್ತದೆ. 2021ರಲ್ಲಿ ಅಮೆರಿಕದಲ್ಲಿ ಚಾಳೀಸಿಗೆ ಅನುಮತಿ ಸಿಕ್ಕಿತು. ನಮ್ಮ ದೇಶದಲ್ಲಿ 2024ರ ಆಗಸ್ಟ್‌ನಲ್ಲಿ ಒಂದಕ್ಕೆ ಅನುಮತಿ ಕೊಟ್ಟರು. ಅನುಮತಿ ಇಲ್ಲದ ಮಾತುಗಳನ್ನು ಹೇಳಿ ಪ್ರಚಾರ ಮಾಡಿದರು ಅಂತ ಸೆಪ್ಟೆಂಬರ್‌ನಲ್ಲೇ ತಡೆಹಿಡಿದರು. ಪಾಪೆ ಸಣ್ಣದಾದರೆ ಒಳಗೆ ಹೋಗುವ ಬೆಳಕೂ ಕಮ್ಮಿ. ಕಪ್ಪು ಬಟ್ಟೆ, ಕಪ್ಪು ದಾರದ ಕೆಲಸಕ್ಕೆ ಅದು ಹೊಂದುವುದಿಲ್ಲ. ತಲೆನೋವು ಬರಬಹುದು. ಅಪರೂಪಕ್ಕೆ ಕಣ್ಣಿನ ಹಿಂದಿನ ಪರದೆಗೆ ತೊಂದರೆ ಆದದ್ದೂ ಇದೆ. ಡಾಕ್ಟರಿಲ್ಲದೆ ಯಾವ ಹನಿಯನ್ನೂ ಹಾಕಬೇಡಿ.

ಹಳ್ಳಿ ನರ್ಸಮ್ಮ

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಫಿನ್‌ಲ್ಯಾಂಡು, ಸ್ಟ್ಯಾನ್‌ಫರ್ಡು ಓದಿ ಖುಷಿಯಾಯಿತು. ಆದರೆ ಒಂದು ಮಾತು ಹೇಳದೆ ಇರಲಾರೆ. 2015ರ ಲೆಕ್ಕದಲ್ಲಿ ಜಗತ್ತಿನಲ್ಲಿ 180 ಕೋಟಿ ಜನಕ್ಕೆ ಚಾಳೀಸು ಇತ್ತು. ಅವರಲ್ಲಿ 82 ಕೋಟಿಗೂ ಜಾಸ್ತಿ ಜನಕ್ಕೆ ಒಂದು ಸಾದಾ ಕನ್ನಡಕವೂ ಇರಲಿಲ್ಲ, ಇದ್ದರೂ ಸರಿಯಾದದ್ದಲ್ಲ.

ಅಸ್ಸಾಮಿನ ಚಹಾ ತೋಟದಲ್ಲಿ ಒಂದು ಪರೀಕ್ಷೆ ನಡೆಯಿತು. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಲವತ್ತು ದಾಟಿದ 751 ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು. ಅರ್ಧ ಜನಕ್ಕೆ ಹತ್ತಿರದ ಕನ್ನಡಕ ತಕ್ಷಣ ಕೊಟ್ಟರು, ಉಳಿದವರಿಗೆ ಪರೀಕ್ಷೆ ಮುಗಿದ ಮೇಲೆ. ಕನ್ನಡಕ ಸಿಗದವರಿಗೆ ಹೋಲಿಸಿದರೆ, ಸಿಕ್ಕವರು ಕೊಯ್ದ ಎಲೆಯ ತೂಕ ಸುಮಾರು 21.7% ಜಾಸ್ತಿ ಏರಿತು. ಬರೀ ಒಂದು ಪ್ಲಸ್ ಗಾಜಿನಿಂದ. ಬಾಂಗ್ಲಾದೇಶದಲ್ಲೂ ಇಂಥದ್ದೇ ಪರೀಕ್ಷೆ ಮಾಡಿದರು, ಆದಾಯ ಮೂರನೇ ಒಂದು ಭಾಗದಷ್ಟು ಏರಿತು ಅಂತ 2024ರಲ್ಲಿ ಬಂತು.

ನಮ್ಮಲ್ಲಿ ಆಶಾಕಿರಣ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಕಣ್ಣು ಪರೀಕ್ಷೆ ಮಾಡಿದ್ದಾರೆ, ಉಚಿತ ಕನ್ನಡಕ ಕೊಟ್ಟಿದ್ದಾರೆ. ಒಬ್ಬ ಅಜ್ಜಿ ಕನ್ನಡಕ ಹಾಕಿದ ಕೂಡಲೇ ಮಡಿಲಲ್ಲಿದ್ದ ಅಕ್ಕಿ ಹಿಡಿದು ಕಲ್ಲು ಆರಿಸತೊಡಗಿದರು. ನಾಲ್ಕು ವರ್ಷದಿಂದ ಸೊಸೆ ಅವರಿಗೆ ಅಕ್ಕಿ ಮುಟ್ಟಲು ಬಿಟ್ಟಿರಲಿಲ್ಲ. ನಮ್ಮ ಕಡೆಗೆ ತಿರುಗಿಯೂ ನೋಡಲಿಲ್ಲ, ಪೂರ್ತಿ ಮೊರ ಮುಗಿಸಿದರು. ಸೂಜಿದಾರ ಅಕ್ಕಾ, ನೀವು ದಯವಿಟ್ಟು ಯಾವುದಕ್ಕೂ ಕಾಯಬೇಡಿ. ಪಕ್ಕದ ಮನೆ ಹುಡುಗಿ ಪರೀಕ್ಷೆ ಅಂತ ಊರಿಗೆ ಹೋದರೆ ನಿಮ್ಮ ಕೆಲಸ ನಿಂತುಬಿಡುತ್ತದೆ.

ಚಿಪ್‌ಕೆಲಸ ಬೆಂಗಳೂರು

ನರ್ಸಮ್ಮ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಇದು ಅಥವಾ ಅದು ಅಂತ ನೋಡಬೇಡಿ. ಪ್ಲಸ್ ಗಾಜು ಒಂದೇ ದೂರಕ್ಕೆ ಕೆಲಸ ಮಾಡುತ್ತದೆ. ಚಹಾ ಕೊಯ್ಯುವವರಿಗೆ ಅದು ಸಾಕು. ಎಲೆ ಯಾವಾಗಲೂ ಕೈಯಳತೆಯಲ್ಲಿ ಇರುತ್ತದೆ. ವೈರ್‌ಮನ್ ಅಣ್ಣನಿಗೆ, ಬಸ್ ಕಂಡಕ್ಟರಿಗೆ, ಕ್ಷಣಕ್ಕೊಂದು ದೂರ. ಮೊಬೈಲ್ ಫೋನ್ ಮೊದಲು ಬಂದಾಗಲೂ ಶ್ರೀಮಂತರಿಗೆ ಮಾತ್ರ ಇತ್ತು.

ಹಳ್ಳಿ ನರ್ಸಮ್ಮ

ಆಗಲಿ, ಬರಲಿ. ಬೇಗ ಬರಲಿ ಅಂತ ನನಗೂ ಆಸೆ ಇದೆ. ಆದರೆ ಹೊಸದು ಬರುತ್ತೆ ಅಂತ ಕಣ್ಣು ಪರೀಕ್ಷೆಯನ್ನೇ ಮುಂದಕ್ಕೆ ಹಾಕುವವರನ್ನು ನಾನು ವಾರಕ್ಕೊಬ್ಬರನ್ನು ನೋಡುತ್ತೇನೆ. ನಲವತ್ತು ದಾಟಿದ ಮೇಲೆ ಕಣ್ಣಿನ ಒತ್ತಡ, ಶುಗರ್ ಎರಡನ್ನೂ ನೋಡಿಸಲೇಬೇಕು. ಗ್ಲಾಕೋಮಾ ನೋವಿಲ್ಲದೆ ದೃಷ್ಟಿ ತಿನ್ನುತ್ತದೆ. ಯಾವ ಆಟೋಫೋಕಸ್ಸೂ ಅದನ್ನು ವಾಪಸ್ ತರುವುದಿಲ್ಲ.

ವೈರ್‌ಮನ್ ದಾವಣಗೆರೆ

ಶಿವಮೊಗ್ಗದ ಸರ್, ಅಳತೆ ತಂದಿದ್ದೇನೆ. ಡಿಬಿ ಮುಂದೆ ನಿಂತರೆ ಕಣ್ಣಿನಿಂದ 55 ಸೆಂಟಿಮೀಟರ್. ಏಣಿ ಮೇಲೆ ಸೀಲಿಂಗ್ ಕೆಲಸಕ್ಕೆ 50ರಿಂದ 60. ಮೊಬೈಲ್ 38.

ಕನ್ನಡಕದಂಗಡಿ ಶಿವಮೊಗ್ಗ

ಶಭಾಷ್. ಈಗ ಲೆಕ್ಕ ನೋಡಿ. 100 ಅನ್ನು ಸೆಂಟಿಮೀಟರಿನಿಂದ ಭಾಗಿಸಿದರೆ ಆ ದೂರಕ್ಕೆ ಎಷ್ಟು ಡಯಾಪ್ಟರ್ ಬೇಕು ಅಂತ ಬರುತ್ತದೆ. 55ಕ್ಕೆ 1.8. ಮೊಬೈಲಿನ 38ಕ್ಕೆ 2.6. ನಿಮ್ಮ ಕಣ್ಣಿನಲ್ಲಿ ಇನ್ನೂ ಸ್ವಲ್ಪ ಶಕ್ತಿ ಉಳಿದಿರುತ್ತದೆ, ಅಷ್ಟನ್ನು ಕಳೆಯಬೇಕು. ನಿಮಗೆ ತಲೆ ಮೇಲಿನ ಕೆಲಸಕ್ಕೆ ಬೇಕಾದದ್ದು ಓದುವ ನಂಬರ್ ಅಲ್ಲ, ಅದಕ್ಕಿಂತ ಕಮ್ಮಿ. ನಿಖರವಾದ ನಂಬರ್ ಪರೀಕ್ಷೆ ಮಾಡಿಯೇ ಹೇಳಬೇಕು.

ಎರಡು ದಾರಿ ಇವೆ. ಒಂದು, ಗಾಜು ಪೂರ್ತಿ ಆ ಒಂದೇ ಪವರ್ ಇರುವ ಕೆಲಸದ ಕನ್ನಡಕ. ಕಡ್ಡಿಗೆ ದಾರ ಕಟ್ಟಿ ಕತ್ತಿಗೆ ಹಾಕಿಕೊಳ್ಳಿ, ಇಳಿಯುವಾಗ ತೆಗೆದುಬಿಡಿ. ಇನ್ನೊಂದು, ಮೇಲೂ ಕೆಳಗೂ ಹತ್ತಿರದ ಪವರ್ ಇದ್ದು ನಡುವೆ ದೂರ ಇರುವ ಗಾಜು. ಡಬಲ್ ಡಿ ಅಂತಾರೆ. ತಲೆಯ ಮೇಲಿನ ಸ್ವಿಚ್ ನೋಡುವ ಪೈಲಟ್‌ಗಳಿಗೆ, ನಿಮ್ಮಂಥ ವೈರ್‌ಮನ್‌ಗಳಿಗೆ ಅಂತಲೇ ಇದೆ. ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಆರ್ಡರ್ ಕೊಟ್ಟು ತರಿಸಬೇಕು. ಏಣಿ ಹತ್ತುವವರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ಫ್ರೇಮ್ ಪ್ಲಾಸ್ಟಿಕ್ಕಿನದೇ ಇರಲಿ, ಕರೆಂಟ್ ಕೆಲಸ.

ವೈರ್‌ಮನ್ ದಾವಣಗೆರೆ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಇಲ್ಲೇ ನಮ್ಮೂರಲ್ಲಿ ಪರೀಕ್ಷೆ ಮಾಡಿಸಿದೆ, ಅಳತೆ ಬರೆದ ಚೀಟಿ ಜೊತೆಗೆ ತೆಗೆದುಕೊಂಡು ಹೋಗಿದ್ದೆ. ಪ್ಲಸ್ 1.25 ಬಂತು. ಫ್ರೇಮ್ ಸೇರಿ 900 ರೂಪಾಯಿ. ನಿನ್ನೆ ಒಂದು ಕಲ್ಯಾಣ ಮಂಟಪದ ಕೆಲಸ ಇತ್ತು. 12 ವೇ ಡಿಬಿ. ಕತ್ತು ನೆಟ್ಟಗೆ ಇಟ್ಟುಕೊಂಡು ಕಣ್ಣು ಮಾತ್ರ ಎತ್ತಿದೆ. ಎಂಸಿಬಿ ಮೇಲಿನ ಸಿ16 ಅನ್ನುವ ಸಣ್ಣ ಅಕ್ಷರ ಓದಿದೆ, ಟೆಸ್ಟರ್ ತುದಿ ಸ್ಕ್ರೂ ಸೀಳಿನಲ್ಲಿ ಸರಿಯಾಗಿ ಕೂತದ್ದು ಕಂಡಿತು. ಇಳಿಯುವಾಗ ಕನ್ನಡಕ ಎದೆಯ ಮೇಲೆ. ಮೆಟ್ಟಿಲು ಒಂದೊಂದೂ ಎಣಿಸಿಕೊಂಡು ಇಳಿದೆ.

ಫಿನ್‌ಲ್ಯಾಂಡಿನದು ಅಂಗಡಿಗೆ ಬಂದ ದಿನ ಮಗಳು ಹೇಳುತ್ತಾಳಂತೆ. ಬಂದರೆ ಮೊದಲು ಏಣಿಯ ಕೆಳಗೆ ನಿಂತು, ಆಮೇಲೆ ಎರಡನೇ ಮೆಟ್ಟಿಲಲ್ಲಿ ಹಾಕಿ ನೋಡಿ ಇಲ್ಲೇ ಬರೆಯುತ್ತೇನೆ.

ನಿವೃತ್ತ ಮೇಷ್ಟ್ರು

ಬ್ಯಾಟರಿ ಮುಗಿದರೆ ಗಾಜು ಯಾವ ಪವರಿಗೆ ಬಂದು ನಿಲ್ಲುತ್ತದೆ ಅಂತ ಅವತ್ತು ಮೊದಲು ಕೇಳಿ ಅಣ್ಣಾ. ದೂರಕ್ಕೆ ಬಂದು ನಿಲ್ಲಬೇಕು. ಅದು ಆಗದಿದ್ದರೆ ಮೆಟ್ಟಿಲು ಹತ್ತಲೇಬೇಡಿ.

ಸೂಜಿದಾರ ಹಾಸನ

ನಾನೂ ನಿನ್ನೆ ಟೇಪ್ ಹಿಡಿದು ಅಳೆದೆ. ಕೈಹೊಲಿಗೆಗೆ 30, ಮಷೀನಿಗೆ 45. ಶಿವಮೊಗ್ಗದ ಸರ್, ಮುಂದಿನ ವಾರ ತಂಗಿಯ ಮನೆಗೆ ಅಲ್ಲಿಗೇ ಬರುತ್ತಿದ್ದೇನೆ. ಪರೀಕ್ಷೆಗೆ ಬರಬಹುದಾ?

ಕನ್ನಡಕದಂಗಡಿ ಶಿವಮೊಗ್ಗ

ಬನ್ನಿ ಅಕ್ಕಾ. ಬೆಳಗ್ಗೆ ಹೊತ್ತು ಬನ್ನಿ, ಕಣ್ಣು ದಣಿದಿರುವುದಿಲ್ಲ. ಬರುವಾಗ ಒಂದು ತುಂಡು ಕಪ್ಪು ಬಟ್ಟೆ, ಕಪ್ಪು ದಾರ, ನೀವು ದಿನಾ ಬಳಸುವ ಸೂಜಿ ತನ್ನಿ. ನಮ್ಮ ಅಕ್ಷರದ ಬೋರ್ಡ್ ಆಮೇಲೆ ನೋಡೋಣ, ಮೊದಲು ನೀವು ದಾರ ಪೋಣಿಸಿ ತೋರಿಸಿ.